ಗಿಟಾರ್ ಪಾಠ: ಮೊದಲು ಯಾವ ಚೌಕಟ್ಟು?

ಗಿಟಾರ್ ಕಲಿಸುವ ಪುಸ್ತಕಗಳಲ್ಲಿ ಪೆಂಟಟಾನಿಕ್ ಸ್ಕೇಲಿನ ಐದು ಚೌಕಟ್ಟುಗಳನ್ನು ಸಾಮಾನ್ಯವಾಗಿ ಒಟ್ಟಿಗೇ ಕೊಟ್ಟಿರುತ್ತಾರೆ. ಅದರ ಬೆನ್ನಿಗೆ ಏಳು ಸ್ವರಗಳ ಮೇಜರ್ ಸ್ಕೇಲ್. ಬೋಧನಾಭ್ಯಾಸದಲ್ಲಿ ಸಹಪಠ್ಯ ಚಟುವಟಿಕೆಗೆ ನನಗೆ ಸಿಕ್ಕಿದ್ದು ವಾರಕ್ಕೊಂದು ಪೀರಿಯಡ್. ಎಲ್ಲವನ್ನೂ ಅದರಲ್ಲೇ ತುರುಕಿದರೆ ಮಕ್ಕಳ ಬೆರಳು ಓಡುತ್ತದೆ, ಹಾಡು ಮಾತ್ರ ಬರುವುದಿಲ್ಲ. ಹೀಗಾಗಿ ಏನನ್ನು ಬಿಡಬೇಕೆಂಬುದನ್ನೇ ಪಾಠ ಯೋಜನೆಯಲ್ಲಿ ಮೊದಲು ತೀರ್ಮಾನಿಸಿದೆ. ಎಂಟನೆಯ ತರಗತಿಗೆ ಆರಿಸಿಕೊಂಡದ್ದು ಒಂದೇ ಚೌಕಟ್ಟು, 5ರಿಂದ 8ನೆಯ ಫ್ರೆಟ್‌ವರೆಗಿನದು.

ಅದು ಹೀಗಿದೆ. ದಪ್ಪನೆಯ ಆರನೆಯ ತಂತಿಯಲ್ಲಿ 5 ಮತ್ತು 8ನೆಯ ಫ್ರೆಟ್. ಐದು, ನಾಲ್ಕು, ಮೂರನೆಯ ತಂತಿಗಳಲ್ಲಿ 5 ಮತ್ತು 7. ಎರಡು ಮತ್ತು ಒಂದನೆಯ ತಂತಿಗಳಲ್ಲಿ ಮತ್ತೆ 5 ಮತ್ತು 8. ಪುಸ್ತಕಗಳು ಇದನ್ನು ಎ ಮೈನರ್ ಪೆಂಟಟಾನಿಕ್ ಎನ್ನುತ್ತವೆ. ಆದರೆ ಆರನೆಯ ತಂತಿಯ 8ನೆಯ ಫ್ರೆಟ್ಟನ್ನು ಷಡ್ಜವೆಂದು ಹಿಡಿದು ಮೇಲಕ್ಕೆ ನುಡಿಸಿದರೆ ಸರಿಗಪದಸ, ಅಂದರೆ ಮೋಹನ ರಾಗದ ಆರೋಹಣ. ಮೂರನೆಯ ತಂತಿಯ 5ನೆಯ ಫ್ರೆಟ್ ತಾರಷಡ್ಜ. ಒಂದನೆಯ ತಂತಿಯ 8ನೆಯ ಫ್ರೆಟ್ಟಿಗೆ ಬರುವಷ್ಟರಲ್ಲಿ ಎರಡು ಸ್ಥಾಯಿ ಪೂರ್ಣ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗೆ ಮೋಹನದ ‘ವರವೀಣಾ’ ಗೀತೆ ಬಾಯಿಪಾಠವಾಗಿರುತ್ತದೆ. ತಿಳಿದಿರುವುದರಿಂದ ತಿಳಿಯದಿರುವುದರ ಕಡೆಗೆ ಸಾಗಬೇಕೆಂದು ನಾವು ಪಾಠ ಯೋಜನೆಯಲ್ಲಿ ಬರೆಯುತ್ತಲೇ ಇರುತ್ತೇವೆ. ಇಲ್ಲಿ ಅದಕ್ಕೆ ನಿಜವಾದ ಅರ್ಥವಿದೆ.

ಇನ್ನೊಂದು ಕಾರಣ ಬೆರಳಿನದು. ತಂತಿಯ ಉದ್ದ 650 ಮಿ.ಮೀ. ಇರುವ ಗಿಟಾರಿನಲ್ಲಿ 1ರಿಂದ 4ನೆಯ ಫ್ರೆಟ್ಟಿಗೆ ಸುಮಾರು 98 ಮಿ.ಮೀ., 5ರಿಂದ 8ಕ್ಕೆ ಸುಮಾರು 77 ಮಿ.ಮೀ. ಚಿಕ್ಕ ಕೈಗೆ ಈ ಎರಡು ಸೆಂಟಿಮೀಟರ್ ದೊಡ್ಡದು. ಪ್ರತಿ ಫ್ರೆಟ್ಟಿನಲ್ಲೂ ಕಂಪಿಸುವ ಉದ್ದ ಒಂದೇ ಅನುಪಾತದಲ್ಲಿ ಇಳಿದು 12ನೆಯದರಲ್ಲಿ ಸರಿಯಾಗಿ ಅರ್ಧವಾಗುತ್ತದೆ. ವಿಜ್ಞಾನದ ಶಬ್ದ ಪಾಠಕ್ಕೂ ಇದು ಒದಗುತ್ತದೆ, ಮಕ್ಕಳೇ ಸ್ಕೇಲು ಹಿಡಿದು ಅಳೆಯಬಹುದು.

ಒಬ್ಬ ಹುಡುಗಿ ಕೇಳಿದಳು: “ಆರನೇ ತಂತಿಯ ದ, ನಾಲ್ಕನೇ ತಂತೀಲಿ ಎರಡು ಫ್ರೆಟ್ ಮುಂದೆ ಸಿಗುತ್ತೆ. ನಾಲ್ಕನೇ ತಂತಿಯ ಪ ಮಾತ್ರ ಎರಡನೇ ತಂತೀಲಿ ಮೂರು ಫ್ರೆಟ್ ಮುಂದೆ ಯಾಕೆ, ಮಿಸ್?” ಅಕ್ಕಪಕ್ಕದ ತಂತಿಗಳ ನಡುವೆ ಎಲ್ಲೆಡೆ ಐದು ಅರ್ಧಸ್ವರಗಳ ಅಂತರ, ಮೂರು ಮತ್ತು ಎರಡನೆಯ ತಂತಿಗಳ ನಡುವೆ ಮಾತ್ರ ನಾಲ್ಕು. ಇದನ್ನು ಮೊದಲೇ ಹೇಳಬೇಕಾಗಿಲ್ಲ. ಚೌಕಟ್ಟನ್ನು ಚಿತ್ರವಾಗಿ ಅಲ್ಲದೆ ಸ್ವರಗಳಾಗಿ ಕಲಿತವರು ತಾವೇ ಕೇಳುತ್ತಾರೆ.

ಎರಡನೆಯ ಹಂತದಲ್ಲೂ ಚೌಕಟ್ಟು ಹೊಸದಲ್ಲ. ಇದನ್ನೇ ಎರಡು ಫ್ರೆಟ್ ಮುಂದೆ ಸರಿಸಿದರೆ ಶ್ರುತಿ ಸಿ ಇದ್ದದ್ದು ಡಿ ಆಗುತ್ತದೆ. ಹಾಡುವವರ ಕಂಠಕ್ಕೆ ಹೊಂದಿಸಲು ಇದೇ ದಾರಿ. ಮೊದಲಿನ ಜಾಗದಲ್ಲೇ ಆರನೆಯ ತಂತಿಯ 5ನೆಯ ಫ್ರೆಟ್ಟನ್ನು ಷಡ್ಜ ಮಾಡಿದರೆ ಶುದ್ಧಧನ್ಯಾಸಿಯ ಸ್ವರಗಳು ಬರುತ್ತವೆ, ಗ್ರಹಭೇದ ಕಿವಿಗೇ ತಿಳಿಯುತ್ತದೆ. ಉಳಿದ ನಾಲ್ಕು ಚೌಕಟ್ಟುಗಳಿಗಿಂತ ನನಗೆ ಇದು ಮುಖ್ಯ. ಗಮಕವಿಲ್ಲದೆ ರಾಗವಾಗುವುದಿಲ್ಲ ಎಂದು ಸಂಗೀತ ಶಿಕ್ಷಕರು ಆಕ್ಷೇಪಿಸಬಹುದು. ಆ ಮಾತು ಸರಿಯೇ, ಇಲ್ಲಿ ಕಲಿಸುತ್ತಿರುವುದು ಸ್ವರಸ್ಥಾನಗಳನ್ನು ಮಾತ್ರ.

ಮೌಲ್ಯಮಾಪನದಲ್ಲಿ ವೇಗ ನೋಡುವುದಿಲ್ಲ. ಗಿಟಾರುಗಳು ಎರಡೇ ಇದ್ದುದರಿಂದ ಉಳಿದವರು ಸ್ವರ ಹಾಡುತ್ತಿದ್ದರು. ನಾನು ನಡುವೆ “ನಿಲ್ಲಿಸು” ಎಂದಾಗ ನುಡಿಸುತ್ತಿದ್ದವರು ಬೆರಳಿರುವ ಸ್ವರದ ಹೆಸರು ಹೇಳಿ, ಹತ್ತಿರದ ಷಡ್ಜಕ್ಕೆ ಮರಳಬೇಕಿತ್ತು.