ಹಗಲಿನ ಸೊಳ್ಳೆಗೆ ಕಿಟಕಿಯ ಜಾಲರಿ

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿಟಕಿ ಮುಚ್ಚಿದರೆ ಸಾಕು ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಆದರೆ ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ನಾವು ಗಾಳಿ ಬೆಳಕಿಗೆಂದು ಕಿಟಕಿ ತೆರೆದಿಡುವ ಹೊತ್ತಿನಲ್ಲೇ! ಆದ್ದರಿಂದ ಜಾಲರಿ ಬೇಕು. ಅದರ ಕಣ್ಣು 1.5 ಮಿ.ಮೀ.ಗಿಂತ ದೊಡ್ಡದಿರಬಾರದು. ನೈಲಾನ್ ಜಾಲರಿ ಅಗ್ಗವೇನೋ ಹೌದು, ಆದರೆ ಇಲಿ ಕಡಿದೀತು. ಅಡುಗೆಮನೆಗೆ ತಂತಿಯದೇ ಲೇಸು. ಬಚ್ಚಲಿನ ವೆಂಟಿಲೇಟರನ್ನೂ ಬಾಗಿಲಡಿಯ ಸಂದನ್ನೂ ಮರೆಯಬೇಡಿ.

ಮನೆಯೊಳಗಿನ ಡ್ರಮ್, ಹೂದಾನಿ, ಫ್ರಿಜ್ ಹಿಂದಿನ ತಟ್ಟೆಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ ತೊಳೆಯಿರಿ. ಇಲ್ಲವಾದರೆ ಅಲ್ಲಿ ಹುಟ್ಟಿದ ಸೊಳ್ಳೆಯನ್ನು ಜಾಲರಿಯೇ ಒಳಗೆ ಕೂಡಿಹಾಕುತ್ತದೆ. ಡೆಂಗಿ ಜ್ವರ ಬಂದವರನ್ನು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆ ಕೆಲವು ದಿನಗಳ ಬಳಿಕ ಉಳಿದವರಿಗೂ ರೋಗ ಅಂಟಿಸಬಲ್ಲದು.