ದೊಡ್ಡ ಎಂಜಿನ್ನು, ಹಗುರ ಮೂತಿ

ಸಿರ್ಸಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅಮೆರಿಕದಲ್ಲಿರುವ ಅವರ ಮಗ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಾನಂತೆ. ಅದರ ನಾಲ್ಕು ಸಿಲಿಂಡರಿನ ಎಂಜಿನ್ ಇಳಿಸಿ, ಸಿಸಿ ಲೆಕ್ಕದಲ್ಲಿ ಸುಮಾರು ಎರಡು ಪಟ್ಟು ದೊಡ್ಡದಾದ ಎಂಟು ಸಿಲಿಂಡರಿನ ಎಂಜಿನ್ ಕೂರಿಸುವ ಸಿದ್ಧತೆಯಲ್ಲಿದ್ದಾನೆ. "ಅಷ್ಟು ಭಾರ ಹೇರಿದರೆ ಗಾಡಿಯ ಮೂತಿ ಕುಸಿಯುವುದಿಲ್ಲವೇ? ತಿರುವಿನಲ್ಲಿ ಸ್ಟೇರಿಂಗ್ ಮಾತು ಕೇಳುತ್ತದೆಯೇ? ಹುಟ್ಟಾ ಬಂದ ಎಂಜಿನ್ ತೆಗೆದ ಗಾಡಿ ಆಗಿಬರುವುದಿಲ್ಲ ಅಂತಲೂ ಇಲ್ಲಿ ಹೇಳ್ತಾರೆ" ಎಂದು ಕೇಳಿದ್ದಾರೆ.

ಕೊನೆಯ ಮಾತನ್ನು ಆಮೇಲೆ ನೋಡೋಣ. ಮೊದಲಿನ ಪ್ರಶ್ನೆ ಮಾತ್ರ ಬಹಳ ಸೊಗಸಾದದ್ದು. ಎಂಜಿನ್ ಬದಲಿಸಿದ ಕಾರುಗಳ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸಿದ ಕಾರೇ ಎಂಜಿಬಿ. ಅದರ ಮೂಲ ಎಂಜಿನ್ 1798 ಸಿಸಿ. ಅದನ್ನು ತೆಗೆದು ಕೂರಿಸಿದ ರೋವರ್ ವಿ-8 ಎಂಜಿನ್ 3528 ಸಿಸಿ. ತಕ್ಕಡಿಗೆ ಹಾಕಿದರೆ ದೊಡ್ಡದೇ ಹಗುರ, ಸುಮಾರು 18 ಕಿಲೋ ಕಡಿಮೆ!

ಇದನ್ನು ಹೇಳಿದಾಗ ಹಲವರು ನಂಬುವುದಿಲ್ಲ. ಸಿಸಿ ಹೆಚ್ಚಾದಂತೆ ತೂಕವೂ ಹೆಚ್ಚಬೇಕು ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಆದರೆ ಸಿಸಿ ಅಳೆಯುವುದು ಲೋಹವನ್ನಲ್ಲ, ಲೋಹ ಇಲ್ಲದ ಜಾಗವನ್ನು. ಪಿಸ್ಟನ್ ತಳದಿಂದ ತುದಿಯವರೆಗೆ ಏರುವಾಗ ಸಿಲಿಂಡರಿನೊಳಗೆ ಎಷ್ಟು ಖಾಲಿ ಜಾಗವನ್ನು ದಾಟುತ್ತದೋ ಅದನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಸಿಸಿ ಸಿಗುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಅಂಬಾಸಡರಿನಲ್ಲೇ ಇದೆ. 1959ರ ನಂತರ ಅಂಬಾಸಡರಿಗೆ ಬಂದ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್ ಒಂದೇ ಮನೆತನದವು. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್‌ಗಳು. ಎರಡರಲ್ಲೂ ಪಿಸ್ಟನ್ ಓಡಾಡುವ ದೂರ 88.9 ಮಿಲಿಮೀಟರ್, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಬದಲಾದದ್ದು ರಂಧ್ರದ ಅಗಲ ಮಾತ್ರ. ಅಂಬಾಸಡರಿನಲ್ಲಿ ಬೋರ್ 73 ಮಿಲಿಮೀಟರ್ ಚಿಲ್ಲರೆ ಇದ್ದರೆ ಎಂಜಿಬಿಯಲ್ಲಿ 80.26. ಹೆಚ್ಚುವರಿ 309 ಸಿಸಿ ಬಂದದ್ದು ಕಬ್ಬಿಣ ಸೇರಿಸಿದ್ದರಿಂದಲ್ಲ, ಕಬ್ಬಿಣ ಇದ್ದ ಕಡೆ ಜಾಗ ಬಿಟ್ಟಿದ್ದರಿಂದ. ಅಗಲಿಸುತ್ತಾ ಹೋಗಿ ಕೊನೆಗೆ ಅಕ್ಕಪಕ್ಕದ ಎರಡೆರಡು ಸಿಲಿಂಡರುಗಳ ನಡುವೆ ನೀರು ಹರಿಯಲೂ ಎಡೆಯಿಲ್ಲದೆ ಅವುಗಳ ಗೋಡೆಗಳು ಕೂಡಿಕೊಂಡವು.

ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಅಂಬಾಸಡರ್ ಬ್ಲಾಕಿಗೆ ಬೋರ್ ಹೊಡೆಯುವುದನ್ನು ನಿಂತು ನೋಡಿದ್ದೇನೆ. ಎಣ್ಣೆ, ನೀರು ಏನೂ ಇಲ್ಲ, ಒಣಗೆಲಸ. ಕಟರ್ ತಿರುಗುತ್ತಾ ಇಳಿದಂತೆ ಉಕ್ಕಿನಲ್ಲಿ ಬರುವ ಸುರುಳಿ ಇಲ್ಲಿ ಬರುವುದಿಲ್ಲ, ಬೂದು ಬಣ್ಣದ ಪುಡಿ ಉದುರುತ್ತದೆ. ಚಿಟಿಕೆಯಲ್ಲಿ ಉಜ್ಜಿದರೆ ಬೆರಳು ಕಪ್ಪಾಗುತ್ತದೆ, ಏಕೆಂದರೆ ಎರಕದ ಕಬ್ಬಿಣದೊಳಗೆ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಅದೇ ಗ್ರಾಫೈಟಿನ ಪದರಗಳು ಹುದುಗಿರುತ್ತವೆ. ಆ ಪುಡಿಯನ್ನು ಗುಡಿಸಿ ಹಾಕುವಾಗ ಎಂಜಿನ್ನಿನ ಸಿಸಿ ಏರಿರುತ್ತದೆ, ಬ್ಲಾಕಿನ ತೂಕ ಇಳಿದಿರುತ್ತದೆ. ಬೋರ್ ಮಾಡಿಸಿದ ಗಾಡಿ ಓಡಿಸಿದವರೆಲ್ಲ ಈ ವಿಚಿತ್ರದ ಮೇಲೆಯೇ ಕೂತು ಓಡಾಡಿದ್ದಾರೆ.

ಹಾಗಂತ ದೊಡ್ಡ ಎಂಜಿನ್ ಎಂದೂ ಭಾರವಾಗುವುದಿಲ್ಲ ಎಂದಲ್ಲ. ಎಂಜಿ ಕಂಪನಿಯೇ ಆ ಪೆಟ್ಟು ತಿಂದಿತ್ತು. 1967ರಲ್ಲಿ ಇದೇ ಎಂಜಿಬಿಯ ಮೈಗೆ ಆರು ಸಿಲಿಂಡರಿನ 2912 ಸಿಸಿ ಎಂಜಿನ್ ಕೂರಿಸಿ ಎಂಜಿಸಿ ಎಂದು ಹೆಸರಿಟ್ಟರು. ಪೂರಾ ಕಬ್ಬಿಣ, ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿ. ಹಳೆಯ ಎಂಜಿನ್ನಿಗಿಂತ ಸುಮಾರು 95 ಕಿಲೋ ಹೆಚ್ಚು. ಅದು ಒಳಗೆ ಹಿಡಿಸಲೆಂದು ಮುಂದಿನ ಸಸ್ಪೆನ್ಶನ್ನಿನ ಸ್ಪ್ರಿಂಗ್ ತೆಗೆದು ಟಾರ್ಶನ್ ಬಾರ್ ಹಾಕಬೇಕಾಯಿತು, ಬಾನೆಟ್ಟಿಗೆ ಉಬ್ಬು ಕೊಡಬೇಕಾಯಿತು. ಇಷ್ಟೆಲ್ಲಾ ಮಾಡಿದರೂ ತಿರುವಿಗೆ ಬಂದಾಗ ಮೂತಿ ಹೊರಕ್ಕೆ ಎಳೆಯುತ್ತದೆ ಎಂದು ಪತ್ರಿಕೆಗಳು ದೂರಿದವು. 1969ಕ್ಕೆ ಎಂಜಿಸಿಯ ಅಂಗಡಿ ಮುಚ್ಚಿತು.

ಮೂತಿ ಎಳೆಯುವುದೇಕೆ? ಟೈರಿನ ಮೇಲೆ ಭಾರ ಹೆಚ್ಚಿದರೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಭಾರ ಕಾಲುಭಾಗ ಏರಿದರೆ ಹಿಡಿತ ಅದಕ್ಕಿಂತ ಕಡಿಮೆಯೇ ಏರುತ್ತದೆ. ಹಾಗಾಗಿ ಮುಂದಿನ ಟೈರು ಮೊದಲು ಸೋಲುತ್ತದೆ. ಜೊತೆಗೆ ಭಾರ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ. ಅಡ್ಡೆಯ ಎರಡೂ ತುದಿಗೆ ತುಂಬಿದ ಕೊಡ ನೇತುಹಾಕಿ ಹೊತ್ತವನು ಗಕ್ಕನೆ ತಿರುಗಲಾರ, ತಿರುಗಿದರೆ ಗಕ್ಕನೆ ನಿಲ್ಲಲಾರ. ಅವೇ ಕೊಡಗಳನ್ನು ಎದೆಗವಚಿಕೊಂಡರೆ ತಿರುಗುವುದು ಸಲೀಸು. ಕಾರಿನಲ್ಲೂ ಹಾಗೆಯೇ. ಒಂದೇ ಸಾಲಿನ ಆರು ಸಿಲಿಂಡರಿನ ಉದ್ದದ ಎಂಜಿನ್ ಮುಂದಿನ ಚಕ್ರಗಳಾಚೆಗೂ ಚಾಚುತ್ತದೆ. ವಿ-8ರಲ್ಲಿ ನಾಲ್ಕು ನಾಲ್ಕರ ಎರಡು ಸಾಲು ಇರುವುದರಿಂದ ಉದ್ದ ಕಡಿಮೆ, ಡ್ಯಾಶ್‌ಬೋರ್ಡಿನ ಕಡೆಗೆ ಒತ್ತಿ ಕೂರಿಸಬಹುದು.

ಇನ್ನು ಆ ಹಗುರ ವಿ-8ರ ಕಥೆ. ಅದು ಬ್ರಿಟನ್ನಿನದೇ ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1961ರ ಬ್ಯೂಕ್ ಮುಂತಾದ ಕಾರುಗಳಿಗೆಂದು ಮಾಡಿದ ಎಂಜಿನ್ ಅದು. ಬ್ಲಾಕೂ ಅಲ್ಯೂಮಿನಿಯಂ, ಹೆಡ್ಡೂ ಅಲ್ಯೂಮಿನಿಯಂ. ಅಲ್ಯೂಮಿನಿಯಮ್ಮಿನ ತೂಕ ಕಬ್ಬಿಣದ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಆದರೆ ಅದರ ಎರಕ ಸುಲಭವಲ್ಲ. ಎರಕದಲ್ಲಿ ಸಣ್ಣ ಸಣ್ಣ ರಂಧ್ರ ಉಳಿದು ಬ್ಲಾಕುಗಳು ಸೋರಿದವು. ಅಲ್ಯೂಮಿನಿಯಮ್ಮಿಗೆ ಒಗ್ಗದ ಕೂಲಂಟ್ ಸುರಿದವರ ರೇಡಿಯೇಟರುಗಳು ಕಟ್ಟಿಕೊಂಡವು. ಅಷ್ಟರಲ್ಲಿ ತೆಳುಗೋಡೆಯ ಕಬ್ಬಿಣದ ಎರಕ ಅಗ್ಗವಾಗಿ ಕೈಗೆ ಬಂತು. 1963ಕ್ಕೆ ಕಂಪನಿ ಈ ಎಂಜಿನ್ನಿನ ಕೈಬಿಟ್ಟಿತು.

ರೋವರ್ ಕಂಪನಿಯ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟ್ ಅಮೆರಿಕಕ್ಕೆ ಹೋಗಿದ್ದಾಗ, ದೋಣಿಗಳ ಎಂಜಿನ್ ಮಾಡುವ ಮರ್ಕ್ಯುರಿ ಕಂಪನಿಯ ವರ್ಕ್‌ಶಾಪಿನಲ್ಲಿ ಈ ಎಂಜಿನ್ ಕಣ್ಣಿಗೆ ಬಿತ್ತು. ಯಾರಿಗೂ ಬೇಡವಾದ ಈ ಸಾಮಾನು ತನ್ನ ಕಾರುಗಳ ಮೂತಿಯಲ್ಲಿ ಹಿಡಿಸುತ್ತದೆ ಎಂದು ಅವರಿಗೆ ಹೊಳೆಯಿತು. 1965ರಲ್ಲಿ ಹಕ್ಕು ಕೊಂಡರು. ಬ್ಯೂಕಿನಲ್ಲಿ ಈ ಎಂಜಿನ್ ರೂಪಿಸಿದ ಜೋ ಟರ್ಲೆ ಅವರೇ ಇಂಗ್ಲೆಂಡಿಗೆ ಬಂದು ನೆರವಾದರು. ಇಂಗ್ಲೆಂಡಿನಲ್ಲಿ ಎರಕದ ಕ್ರಮವನ್ನೇ ಬದಲಿಸಿದರು. ಮರಳಿನ ಅಚ್ಚಿನಲ್ಲಿ ಬ್ಲಾಕ್ ಎರೆದು, ನಂತರ ಕಬ್ಬಿಣದ ಸ್ಲೀವ್‌ಗಳನ್ನು ಒತ್ತಿ ಕೂರಿಸಿದರು. ಪಿಸ್ಟನ್ ರಿಂಗು ಉಜ್ಜುವ ಜಾಗಕ್ಕೆ ಮೆತ್ತನೆಯ ಅಲ್ಯೂಮಿನಿಯಂ ತಡೆಯದು.

ಇದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಒಂದು ಚಿಕ್ಕ ಭಾಗವಿದೆ: ಟ್ಯಾಪೆಟ್. ಅಲ್ಯೂಮಿನಿಯಂ ಕಾದಾಗ ಕಬ್ಬಿಣಕ್ಕಿಂತ ಸರಿಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಬಿಸಿಯಾದಂತೆ ಬ್ಲಾಕ್ ಬೆಳೆಯುತ್ತದೆ, ಆದರೆ ವಾಲ್ವ್ ತೆರೆಯುವ ಉಕ್ಕಿನ ಪುಶ್‌ರಾಡ್ ಅಷ್ಟು ಬೆಳೆಯುವುದಿಲ್ಲ. ನಡುವೆ ಸಂದು ಬಿದ್ದು ಟಕಟಕ ಸದ್ದು ಬರಬೇಕು. ಬರುವುದಿಲ್ಲ. ಟ್ಯಾಪೆಟ್ಟಿನ ಹೊಟ್ಟೆಯೊಳಗೆ ಎಂಜಿನ್ ಆಯಿಲ್ ತುಂಬಿಕೊಂಡು, ಸಂದು ಎಷ್ಟಿದೆಯೋ ಅಷ್ಟೇ ಉಬ್ಬುತ್ತದೆ. ತಣ್ಣಗಾದಾಗ ಅಷ್ಟೇ ತಗ್ಗುತ್ತದೆ. ಫೀಲರ್ ಗೇಜ್ ಹಿಡಿದು ಟ್ಯಾಪೆಟ್ ಸೆಟ್ ಮಾಡುತ್ತಾ ಕೂರುವ ಕೆಲಸವೇ ಇಲ್ಲ.

ಈ ಎಂಜಿನ್ನನ್ನು ಎಂಜಿಬಿಗೆ ಮೊದಲು ವ್ಯಾಪಾರವಾಗಿ ಕೂರಿಸಿದ್ದು ಎಂಜಿ ಕಂಪನಿಯಲ್ಲ, ಕೆನ್ ಕಾಸ್ಟೆಲೊ ಎಂಬ ಖಾಸಗಿ ಮೆಕ್ಯಾನಿಕ್. ಅವರ ಕಾರುಗಳ ಹೆಸರು ಹರಡಿದ ಮೇಲೆ ಕಂಪನಿ ಕಣ್ಣು ಬಿಟ್ಟು, 1973ರಲ್ಲಿ ತನ್ನದೇ ಎಂಜಿಬಿ ಜಿಟಿ ವಿ-8 ತಂದಿತು. ಕಾಸ್ಟೆಲೊ ಕಾರಿನ ಬಾನೆಟ್ಟಿನ ಮೇಲೆ ಕಾರ್ಬುರೇಟರಿಗಾಗಿ ಉಬ್ಬು ಇತ್ತು. ಕಂಪನಿಯ ಎಂಜಿನಿಯರುಗಳು ಎರಡು ಎಸ್‌ಯು ಕಾರ್ಬುರೇಟರುಗಳನ್ನು ಎಂಜಿನ್ನಿನ ನೆತ್ತಿಯಿಂದ ಇಳಿಸಿ ಹಿಂದಕ್ಕೆ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಬಲ್ಕ್‌ಹೆಡ್ಡಿನ ಪಕ್ಕಕ್ಕೆ ತಳ್ಳಿದರು. ಬಾನೆಟ್ ಚಪ್ಪಟೆಯಾಗಿಯೇ ಉಳಿಯಿತು. ಅಶ್ವಶಕ್ತಿ 137, ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಮುಂದಿನ ಸಸ್ಪೆನ್ಶನ್ನಿನಲ್ಲಿ ದೊಡ್ಡ ಬದಲಾವಣೆ ಬೇಕಾಗಲಿಲ್ಲ. ದುರದೃಷ್ಟಕ್ಕೆ ಅದೇ ವರ್ಷ ಪೆಟ್ರೋಲ್ ಬಿಕ್ಕಟ್ಟು ಬಂತು. 1976ರ ಹೊತ್ತಿಗೆ 2591 ಕಾರುಗಳಾದ ಮೇಲೆ ನಿಲ್ಲಿಸಿದರು.

ಎಂಜಿನ್ ಕೂರಿಸುವ ಕೆಲಸ ಎಲ್ಲ ಕಡೆ ಇಷ್ಟು ನಯವಾಗಿ ನಡೆಯಲಿಲ್ಲ. ಸನ್‌ಬೀಮ್ ಆಲ್ಪೈನ್ ಎಂಬ ಪುಟ್ಟ ಕಾರಿಗೆ ಫೋರ್ಡ್ ವಿ-8 ತುರುಕಿ 1964ರಲ್ಲಿ ಸನ್‌ಬೀಮ್ ಟೈಗರ್ ಮಾಡಿದರು. ಜಾಗ ಎಷ್ಟು ಇಕ್ಕಟ್ಟೆಂದರೆ, ಜೋಡಣೆ ನಡೆಯುತ್ತಿದ್ದ ಜೆನ್ಸನ್ ಕಾರ್ಖಾನೆಯಲ್ಲಿ ಬಲ್ಕ್‌ಹೆಡ್ಡಿನ ತಗಡನ್ನು ದೊಡ್ಡ ಸುತ್ತಿಗೆಯಿಂದ ಬಡಿದು ಒಳಕ್ಕೆ ತಗ್ಗಿಸುತ್ತಿದ್ದರು. ಹಿಂಬದಿಯ ಒಂದು ಸ್ಪಾರ್ಕ್ ಪ್ಲಗ್ಗಿಗೆ ಬಾನೆಟ್ ಎತ್ತಿದರೆ ಕೈ ಹೋಗುವುದಿಲ್ಲ. ಕಾರಿನೊಳಗೆ ಕೂತು, ಬಲ್ಕ್‌ಹೆಡ್ಡಿನಲ್ಲಿ ರಬ್ಬರ್ ಬಿರಡೆ ಹಾಕಿದ ತೂತಿನ ಮೂಲಕ ಬಿಚ್ಚಬೇಕು! ಎಂಜಿನ್ ಬದಲಿಸುವವರು ಅಳತೆಪಟ್ಟಿ ಹಿಡಿಯುವಾಗ ಎಂಜಿನ್ನಿನ ಜೊತೆ ಸ್ಪ್ಯಾನರ್ ಹಿಡಿದ ಕೈಗೂ ಜಾಗ ಅಳೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಆದ್ದರಿಂದ ಸಿರ್ಸಿಯವರು ಮಗನನ್ನು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಸಿಸಿ ಎಂಬುದಲ್ಲ, ಯಾವ ಲೋಹ ಎಂಬುದು. ಎಂಜಿಬಿಗೆ ಫೋರ್ಡಿನ 5 ಲೀಟರಿನ ಕಬ್ಬಿಣದ ವಿ-8 ಕೂರಿಸುವವರೂ ಇದ್ದಾರೆ, ಅಲ್ಲಿ ತೂಕದ ಲೆಕ್ಕ ಬೇರೆ. ಎರಡನೆಯದು, ಹಿಂದಿನ ಆಕ್ಸಲ್. ಸಾಮಾನ್ಯ ಎಂಜಿಬಿಯಲ್ಲಿ ಚಕ್ರ ಒಂದು ಸುತ್ತು ಬರಲು ಪ್ರೊಪೆಲರ್ ಶಾಫ್ಟ್ 3.9 ಸುತ್ತು ತಿರುಗುತ್ತದೆ, ಕಂಪನಿಯ ವಿ-8 ಕಾರಿನಲ್ಲಿ 3.07 ಸುತ್ತು. ಬಲವಾದ ಎಂಜಿನ್ ಇದ್ದೂ ಹಳೆಯ ಕ್ರೌನ್-ಪಿನಿಯನ್ ಬಿಟ್ಟರೆ ಹೈವೇಯಲ್ಲಿ ಎಂಜಿನ್ ಸುಮ್ಮನೆ ಅರಚುತ್ತದೆ. ಮೂರನೆಯದು, ಬಿಸಿ. ಆ ಇಕ್ಕಟ್ಟಿನಲ್ಲಿ ಇಷ್ಟು ಶಕ್ತಿ ಸುಟ್ಟರೆ ಶಾಖ ಹೊರಹೋಗಬೇಕು. ಕಂಪನಿ ಎರಡು ಎಲೆಕ್ಟ್ರಿಕ್ ಫ್ಯಾನ್ ಹಾಕಿತ್ತು. ಬ್ರೇಕಿನ ಮಾತು ಹೇಳಬೇಕಿಲ್ಲ ಎಂದುಕೊಳ್ಳುತ್ತೇನೆ, ಆದರೂ ಹೇಳುತ್ತೇನೆ: ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು.

ಈಗ "ಆಗಿಬರುವುದಿಲ್ಲ" ಎಂಬ ಮಾತು. ಎಂಜಿನ್ ಬದಲಿಸಿದ ಗಾಡಿಗಳು ಅಪಘಾತಕ್ಕೆ ಸಿಕ್ಕುವುದುಂಟು. ಕಾರಣ ಹುಡುಕಿದರೆ ಹಳೆಯ ಡ್ರಮ್ ಬ್ರೇಕ್ ಹಾಗೇ ಬಿಟ್ಟಿರುತ್ತಾರೆ, ಎಂಜಿನ್ ಮೌಂಟಿಂಗಿಗೆ ಅಂದಾಜಿನಲ್ಲಿ ವೆಲ್ಡ್ ಹೊಡೆದಿರುತ್ತಾರೆ, ಪೆಟ್ರೋಲ್ ಪೈಪು ಸೈಲೆನ್ಸರ್ ಪೈಪಿಗೆ ತಾಗಿಕೊಂಡಿರುತ್ತದೆ. ಇದನ್ನೆಲ್ಲ ನೋಡದೆ ನಿಂಬೆಹಣ್ಣು ಕಟ್ಟಿ ನಿಶ್ಚಿಂತರಾಗುವುದು ಪಕ್ಕದಲ್ಲಿ ಕೂತವರ ಜೀವದ ಜೊತೆ ಆಟವಾಡಿದಂತೆ. ಬದಲಿಸಿದ ಎಂಜಿನ್ ಆಗಿಬಂದದ್ದೂ ಉಂಟು: ಜನರಲ್ ಮೋಟಾರ್ಸಿನ ಆ ವಿ-8 ಕುಟುಂಬದ ಓಲ್ಡ್ಸ್‌ಮೊಬೈಲ್ ಬ್ಲಾಕಿನ ಮೇಲೆ ಆಸ್ಟ್ರೇಲಿಯಾದ ರೆಪ್ಕೊ ಕಂಪನಿ ರೇಸ್ ಎಂಜಿನ್ ಕಟ್ಟಿಕೊಟ್ಟಿತು. ಜಾಕ್ ಬ್ರಾಭಂ ತಮ್ಮದೇ ಹೆಸರಿನ ಕಾರಿನಲ್ಲಿ ಅದನ್ನು ಕೂರಿಸಿ 1966ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಒಬ್ಬರು ಬಿಸಾಕಿದ ಬ್ಲಾಕು ಮತ್ತೊಬ್ಬರಿಗೆ ಇಷ್ಟು ಚೆನ್ನಾಗಿ ಆಗಿಬಂತಲ್ಲ!

ಪತ್ರದಲ್ಲಿ ಇನ್ನೊಂದು ಸಾಲಿತ್ತು: ನಮ್ಮಲ್ಲೂ ಹೀಗೆ ಮಾಡಬಹುದೇ ಎಂದು. ಅಮೆರಿಕದಷ್ಟು ಇಲ್ಲಿ ಸಲೀಸಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಸ್ಪ್ಯಾನರ್ ಎತ್ತಿಕೊಳ್ಳಬೇಡಿ. ಆದರೆ ಕಂಪನಿಯೇ ಬದಲಿಸಿ ಕೊಟ್ಟರೆ ಅಡ್ಡಿಯಿಲ್ಲ. 1992ರಲ್ಲಿ ಅಂಬಾಸಡರಿಗೆ ಆದದ್ದೂ ಅದೇ. ಬಿ-ಸೀರೀಸ್ ಎಂಜಿನ್ ಇದ್ದ ಜಾಗದಲ್ಲಿ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಎಂಜಿನ್ ಬಂದು ಕೂತಿತು. 55ರಷ್ಟಿದ್ದ ಅಶ್ವಶಕ್ತಿ 75ಕ್ಕೆ ಏರಿತು. ಸ್ಟೇರಿಂಗ್ ಪಕ್ಕದ ಗೇರು ಹೋಗಿ ನೆಲದ ಮೇಲೆ ಐದು ಗೇರಿನ ಕೋಲು ಬಂತು. ಹಿಂದಿನ ಲೀಫ್ ಸ್ಪ್ರಿಂಗ್ ಮಾತ್ರ ಹಾಗೇ ಉಳಿಯಿತು.