ಕಟ್ಟುವ ಮೊದಲೇ ಮನೆಯೊಳಗೊಂದು ಸುತ್ತು

ನಮ್ಮ ಕಾಗವಾಡ, ಅಥಣಿ ಸೀಮೆಯಲ್ಲಿ ಹೊಸ ಮನೆಗೆ ಪಾಯ ಅಗೆಯುವ ಮೊದಲು ಕಾಣುವ ದೃಶ್ಯವೊಂದಿದೆ. ಗವಂಡಿ ದಾರ ಕಟ್ಟಿ, ಸುಣ್ಣದ ಪುಡಿ ಉದುರಿಸಿ ನೆಲದ ಮೇಲೆ ಪಡಸಾಲೆ, ಅಡುಗೆಮನೆ, ದೇವರ ಕೋಣೆ, ಬಚ್ಚಲುಗಳ ಗೆರೆ ಹಾಕುತ್ತಾನೆ. ಕಾಗದದ ನಕಾಶೆಯನ್ನು ತಿಂಗಳುಗಟ್ಟಲೆ ಮುಂದಿಟ್ಟರೂ ತುಟಿ ಬಿಚ್ಚದ ಮನೆಯ ಹಿರಿಯ ಹೆಣ್ಣುಮಗಳು ಆ ಗೆರೆಗಳ ನಡುವೆ ಕಾಲಿಟ್ಟ ಕೂಡಲೇ ಮಾತು ಶುರು ಮಾಡುತ್ತಾಳೆ.

"ತಮ್ಮಾ, ಅಡಿಗಿಮನಿ ಇಷ್ಟ ಸಣ್ಣದೇನೋ? ಒಬ್ಬಾಕಿ ರೊಟ್ಟಿ ಬಡ್ಯಾಕ ಕುಂತ್ರ ಇನ್ನೊಬ್ಬಾಕಿ ಹೆಂಗ ದಾಟಬೇಕು?"

"ಗ್ವಾಡಿ ಏಳಲಿ ತಗೋ ಆಯಿ, ಆಮ್ಯಾಲೆ ದೊಡ್ಡದು ಕಾಣತೈತಿ."

ಇಬ್ಬರ ಮಾತೂ ನಿಜ. ಸುತ್ತಲೂ ಬಯಲಿರುವಾಗ ಕಣ್ಣು ಆ ಚೌಕವನ್ನು ಇಡೀ ಬಯಲಿಗೆ ಹೋಲಿಸುತ್ತದೆ, ಹಾಗಾಗಿ ಕೋಣೆ ಕಿರಿದೆನಿಸುತ್ತದೆ. ಆದರೆ ಆಯಿಯ ಪ್ರಶ್ನೆ ಕಣ್ಣಿನದಲ್ಲ, ಕಾಲಿನದು. ಒಂದು ಮೀಟರನ್ನು ಒಂದು ಸೆಂಟಿಮೀಟರಿಗೆ ಇಳಿಸಿ ಬರೆದ ನಕಾಶೆಯನ್ನು ಮನಸ್ಸಿನಲ್ಲಿ ಮತ್ತೆ ನೂರು ಪಟ್ಟು ಹಿಗ್ಗಿಸಿ ನೋಡುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ನಿಜ ಅಳತೆಯ ಗೆರೆಯೊಳಗೆ ನಡೆದು ನೋಡುವುದು ಎಲ್ಲರಿಗೂ ಬರುತ್ತದೆ.

2019ರ ಕೃಷ್ಣಾ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತ್ತು. ಅಂಥ ಹಣಕ್ಕೆ ಕೈಯಿಂದ ಒಂದಿಷ್ಟು, ಸಾಲ ಒಂದಿಷ್ಟು ಸೇರಿಸಿ ಕಟ್ಟಿಸುವ ಮನೆಯಲ್ಲಿ ಗೋಡೆಯೊಂದು ಎರಡಡಿ ಆಚೀಚೆಯಾದರೆ ಒಡೆದು ಕಟ್ಟುವ ಶಕ್ತಿ ಎಷ್ಟು ಜನರಿಗಿದೆ? ಆದ್ದರಿಂದ ಕಟ್ಟುವ ಮೊದಲೇ ಮನೆಯೊಳಗೆ ಒಂದು ಸುತ್ತು ಹಾಕಿ ಬರುವ ಉಪಾಯ ಶ್ರೀಮಂತರ ಆಟಿಕೆಯಾಗಿ ಉಳಿಯಬಾರದು. ಆ ಉಪಾಯಕ್ಕೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ಮಿಥ್ಯಾವಾಸ್ತವ ಎನ್ನುವವರಿದ್ದಾರೆ.

ಮೊದಲು ಹುಟ್ಟಿದ್ದೇ ಒಂದು ಕೋಣೆ

1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ತಲೆಗೆ ಕಟ್ಟಿಕೊಂಡು ನೋಡುವ ಗಣಕದ ಪರದೆಯೊಂದನ್ನು ಜಗತ್ತಿಗೆ ತೋರಿಸಿದರು. ಎರಡು ಕಣ್ಣಿಗೆ ಎರಡು ಚಿಕ್ಕ ಪರದೆ. ತಲೆ ತಿರುಗಿಸಿದರೆ ಚಿತ್ರವೂ ಅದಕ್ಕೆ ತಕ್ಕಂತೆ ತಿರುಗುತ್ತಿತ್ತು. ಆ ಯಂತ್ರದಲ್ಲಿ ತೋರಿಸಿದ ಚಿತ್ರಗಳಲ್ಲೊಂದು ಬರಿಯ ಗೆರೆಗಳ ಕೋಣೆ. ಅದರ ಗೋಡೆಗಳ ಮೇಲೆ ದಿಕ್ಕು ಸೂಚಿಸುವ ಅಕ್ಷರಗಳಿದ್ದವು. ಗವಂಡಿಯ ಸುಣ್ಣದ ಗೆರೆಯನ್ನೇ ಗಾಳಿಯಲ್ಲಿ ಎಳೆದ ಹಾಗೆ ಎನ್ನಬಹುದು.

1980ರ ದಶಕದಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಬ್ರೂಕ್ಸ್ ಅವರ ತಂಡ ತಮ್ಮ ವಿಭಾಗಕ್ಕಾಗಿ ಕಟ್ಟಲಿದ್ದ ಸಿಟರ್ಸನ್ ಹಾಲ್ ಎಂಬ ಕಟ್ಟಡವನ್ನು ಮೊದಲು ಗಣಕದೊಳಗೆ ಕಟ್ಟಿತು. ಅದರೊಳಗೆ ಓಡಾಡಿ ನೋಡಿದವರಿಗೆ ಮುಂಗೋಣೆ ಇಕ್ಕಟ್ಟೆನಿಸಿತು, ವಾಸ್ತುಶಿಲ್ಪಿಗಳಿಂದ ಒಂದು ಅಡ್ಡಗೋಡೆಯ ಜಾಗ ಬದಲಾಯಿಸಿಕೊಂಡರು. 1990ರ ದಶಕದ ಆರಂಭದಲ್ಲಿ ಟೋಕಿಯೋದ ಶಿಂಜುಕುವಿನಲ್ಲಿ ಮತ್ಸುಶಿತಾ ಕಂಪನಿ ತನ್ನ ಮಳಿಗೆಗೆ ಬಂದವರಿಗೆ ತಲೆಗೆ ಪರದೆ, ಕೈಗೆ ತಂತಿಯ ಗವಸು ಕೊಟ್ಟು, ಅವರು ಕೊಳ್ಳಲಿರುವ ಅಡುಗೆಮನೆಯೊಳಗೆ ಬಿಟ್ಟಿತು. 2016ರಲ್ಲಿ ಸ್ವೀಡನ್ನಿನ ಐಕಿಯಾ ಇಂಥದೇ ಅಡುಗೆಮನೆಯೊಂದನ್ನು ಹೊರತಂದಿತು. ಅಲ್ಲಿ ಕಪಾಟಿನ ಬಣ್ಣ ಬದಲಿಸುವುದಷ್ಟೇ ಅಲ್ಲ, ಒಂದು ಮೀಟರ್ ಎತ್ತರದ ಮಗುವಾಗಿಯೂ 195 ಸೆಂಟಿಮೀಟರ್ ಎತ್ತರದ ಆಳಾಗಿಯೂ ಅದೇ ಅಡುಗೆಮನೆಯನ್ನು ನೋಡಬಹುದಿತ್ತು. ನನ್ನ ದೃಷ್ಟಿಯಲ್ಲಿ ಬಣ್ಣಕ್ಕಿಂತ ಇದು ಮೇಲಾದ ಬುದ್ಧಿ.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಸ್ಕೇಪಿಕ್ ಎಂಬ ಪುಟ್ಟ ಕಂಪನಿಯನ್ನು 2020ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಕೊಂಡಿತು. ಮರುವರ್ಷವೇ ಫೋನಿನ ಕ್ಯಾಮೆರಾ ಮೂಲಕ ಸೋಫಾ, ಮಂಚಗಳನ್ನು ನಮ್ಮ ಕೋಣೆಯಲ್ಲೇ ಇಟ್ಟಂತೆ ತೋರಿಸುವ ಸೌಲಭ್ಯ ಬಂತು. ಇದು ಪೂರ್ತಿ ಮಿಥ್ಯಾವಾಸ್ತವವಲ್ಲ, ಅದರ ದಾಯಾದಿ.

ಸ್ಟಾರ್ಟರ್‌ನ ಹಸಿರು ಗುಂಡಿ

ಈಗ ಮುಖ್ಯ ವಿಷಯ. ಮಿಥ್ಯಾಮನೆಯನ್ನು ಚೆಂದ ತೋರಿಸುವುದು ಒಂದು ವಿದ್ಯೆ, ಅದರಲ್ಲಿ ಕೆಲಸ ಮಾಡಲು ಬರುವಂತೆ ಮಾಡುವುದು ಬೇರೆಯೇ ವಿದ್ಯೆ. ಮನುಷ್ಯನಿಗೂ ಯಂತ್ರಕ್ಕೂ ಸಂಧಿಸುವ ಜಾಗಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ನಲ್ಲಿಯ ತಿರುಪು, ಸೈಕಲ್ಲಿನ ಬ್ರೇಕು, ಪಂಪ್‌ಸೆಟ್ಟಿನ ಸ್ಟಾರ್ಟರ್‌ನ ಹಸಿರು, ಕೆಂಪು ಗುಂಡಿ ಎಲ್ಲವೂ ಇಂಟರ್‌ಫೇಸ್‌ಗಳೇ. ರಾತ್ರಿ ಕರೆಂಟು ಬಂದಾಗ ಕತ್ತಲಲ್ಲೂ ಕೈ ತಾನಾಗಿಯೇ ಗುಂಡಿ ಹುಡುಕಿಕೊಳ್ಳುತ್ತದಲ್ಲ, ಅದು ಒಳ್ಳೆಯ ಇಂಟರ್‌ಫೇಸಿನ ಗುರುತು.

ಗಣಕದ ಪರದೆಯಲ್ಲಿ ಗುಂಡಿಗಳನ್ನು ಚೌಕಟ್ಟಿನ ಅಂಚಿಗೆ ಜೋಡಿಸಿದರೆ ಸಾಕು. ಮಿಥ್ಯಾಮನೆಗೆ ಅಂಚೇ ಇಲ್ಲ. ನೋಡುವವನು ಅದರ ನಡುವೆ ನಿಂತಿದ್ದಾನೆ. ಗುಂಡಿಯನ್ನು ಎಲ್ಲಿಡಬೇಕು? ಮೂಗಿನ ಮುಂದೆ ತೂಗುಹಾಕಿದರೆ ಕಣ್ಣಿಗೆ ಶ್ರಮ, ಮನೆಯೂ ಮರೆಯಾಗುತ್ತದೆ. ದೂರದ ಗೋಡೆಗೆ ಅಂಟಿಸಿದರೆ ಕೈಗೆ ಎಟುಕುವುದಿಲ್ಲ. ಹೀಗಾಗಿ ಬಣ್ಣ, ಅಳತೆ, ಸಾಮಾನುಗಳ ಪಟ್ಟಿಯನ್ನು ಎಡ ಅಂಗೈಯ ಮೇಲೆ, ಚಿತ್ರಕಾರನ ಬಣ್ಣದ ಹಲಗೆಯಂತೆ ಇಟ್ಟು ಬಲಗೈಯಿಂದ ಆರಿಸುವ ಪದ್ಧತಿ ಬಳಕೆಗೆ ಬಂದಿದೆ.

ಕೈಯ ಮಾತು ಬಂತು. ಸಿನಿಮಾದಲ್ಲಿ ನಾಯಕ ಎರಡೂ ಕೈ ಎತ್ತಿ ಗಾಳಿಯಲ್ಲಿ ಚಿತ್ರಗಳನ್ನು ಸರಿಸುವುದನ್ನು ಮಕ್ಕಳು ನೋಡಿರುತ್ತಾರೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ನನ್ನಂಥವರನ್ನು ಕೇಳಿ, ಎತ್ತಿದ ಕೈ ಎಷ್ಟು ಹೊತ್ತು ನಿಲ್ಲುತ್ತದೆಂದು ಹೇಳುತ್ತೇವೆ. ಭುಜದ ಸ್ನಾಯು ಬೇಗ ಸೋಲುತ್ತದೆ. ಆದ್ದರಿಂದ ಹೆಚ್ಚಿನ ಕೆಲಸ ಸೊಂಟ ಮತ್ತು ಎದೆಯ ನಡುವಿನ ಎತ್ತರದಲ್ಲಿ ನಡೆಯುವಂತಿರಬೇಕು. ದೂರದ ಕಪಾಟನ್ನು ಆರಿಸಲು ಕೈಯಿಂದ ಬೆಳಕಿನ ಕಡ್ಡಿಯೊಂದು ಹೊರಡುವಂತೆ ಮಾಡುತ್ತಾರೆ. ಇಲ್ಲೊಂದು ಲೆಕ್ಕವಿದೆ. ಕೈ ಒಂದೇ ಡಿಗ್ರಿ ನಡುಗಿದರೂ ಮೂರು ಮೀಟರ್ ದೂರದಲ್ಲಿ ಕಡ್ಡಿಯ ತುದಿ ಸುಮಾರು 5 ಸೆಂಟಿಮೀಟರ್ ಸರಿಯುತ್ತದೆ. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಇದನ್ನು ಯಾರೂ ಪರೀಕ್ಷಿಸಬಹುದು. ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಮುಟ್ಟಲು ಹೆಚ್ಚು ಹೊತ್ತು ಬೇಕೆಂದು ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ 1954ರಲ್ಲೇ ಸೂತ್ರ ಬರೆದಿದ್ದರು. ಮುದುಕರ ನಡುಗುವ ಕೈಗೆ ಗುರಿ ಇನ್ನೂ ದೊಡ್ಡದಿರಬೇಕು. ಅಂದಾಜಿನಲ್ಲಿ ಬಿಟ್ಟ ಕಪಾಟು ತಾನಾಗಿ ಗೋಡೆಗೆ ಆಯಸ್ಕಾಂತದಂತೆ ಅಂಟಿಕೊಳ್ಳಬೇಕು, ಮಾಡಿದ ಬದಲಾವಣೆಯನ್ನು ಒಂದೇ ಏಟಿಗೆ ಹಿಂದಕ್ಕೆ ಪಡೆಯುವಂತಿರಬೇಕು. ಹಿಂದಕ್ಕೆ ಪಡೆಯಬಹುದೆಂಬ ಧೈರ್ಯವಿದ್ದರೆ ಮಾತ್ರ ಹೊಸಬರು ಏನನ್ನಾದರೂ ಮುಟ್ಟುತ್ತಾರೆ.

ತಲೆ ಸುತ್ತುವುದೇಕೆ?

ಬಸ್ಸಿನಲ್ಲಿ ಪುಸ್ತಕ ಓದಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಕಿವಿಯೊಳಗಿನ ಮೂರು ಅರ್ಧವರ್ತುಲ ನಾಳಗಳಂಥ ಸಮತೋಲದ ಅಂಗಗಳು "ಚಲಿಸುತ್ತಿದ್ದೇವೆ" ಎನ್ನುತ್ತವೆ, ಪುಟದ ಮೇಲೆ ನೆಟ್ಟ ಕಣ್ಣು "ಇಲ್ಲ" ಎನ್ನುತ್ತದೆ. ಮಿಥ್ಯಾಮನೆಯಲ್ಲಿ ಇದು ತಿರುವುಮುರುವು: ಕುರ್ಚಿಯಲ್ಲಿ ಕುಳಿತೇ ಪಡಸಾಲೆಯಿಂದ ಅಡುಗೆಮನೆಗೆ ತೇಲಿ ಹೋದರೆ ಕಣ್ಣು ಚಲನೆ ಎನ್ನುತ್ತದೆ, ಕಿವಿ ಒಪ್ಪುವುದಿಲ್ಲ. ಅದಕ್ಕೇ ತೇಲಿಸುವ ಬದಲು, ಹೋಗಬೇಕಾದ ಜಾಗ ತೋರಿಸಿ ಅಲ್ಲಿಗೆ ಒಮ್ಮೆಗೇ ಜಿಗಿಸುತ್ತಾರೆ. ತಲೆ ತಿರುಗಿಸಿದ ಮೇಲೆ ಚಿತ್ರ ಬದಲಾಗಲು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ತಡವಾಗಬಾರದೆಂಬುದು ಈ ಕಸುಬಿನವರ ನಿಯಮ. ಸೆಕೆಂಡಿಗೆ 90 ಚಿತ್ರಗಳೆಂದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 11 ಮಿಲಿಸೆಕೆಂಡು. ಪರದೆಯ ತುಂಬ ಝಗಮಗಿಸುವ ದೀಪ, ಕನ್ನಡಿ, ಹರಳು ತುಂಬಿದರೆ ಯಂತ್ರ ಏದುಸಿರು ಬಿಡುತ್ತದೆ, ನೋಡುವವನಿಗೆ ತಲೆ ಸುತ್ತುತ್ತದೆ.

ಕತೆಯೋ ಕತ್ತೆಯೋ

ಇನ್ನು ನಮ್ಮ ಲಿಪಿಯ ಪ್ರಶ್ನೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯೊಳಗೆ ಸುಮಾರು 60 ಚುಕ್ಕಿಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3 ಎಂಬ ಸಾಧನ ಒಂದು ಡಿಗ್ರಿಗೆ ಕೊಡುವುದು ಸುಮಾರು 25. ಒಂದು ಮೀಟರ್ ದೂರದಲ್ಲಿ ಒಂದು ಡಿಗ್ರಿ ಎಂದರೆ ಒಂದೂಮುಕ್ಕಾಲು ಸೆಂಟಿಮೀಟರ್. ಅಷ್ಟು ಎತ್ತರದಲ್ಲಿ ಇಂಗ್ಲಿಷಿನ ದೊಡ್ಡಕ್ಷರವೊಂದು ಆರಾಮಾಗಿ ಕೂರುತ್ತದೆ. ಆದರೆ 'ಸ್ತ್ರೀ' ಎಂಬ ನಮ್ಮ ಒಂದಕ್ಷರದಲ್ಲಿ ಮೇಲೊಂದು ಗುಡಿಸು, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. 25 ಚುಕ್ಕಿಗಳನ್ನು ಇವೆಲ್ಲ ಹಂಚಿಕೊಳ್ಳಬೇಕು. ಒತ್ತು ಮಸುಕಾದರೆ ಕತ್ತೆ ಕತೆಯಾಗುತ್ತದೆ, ಹೊಟ್ಟೆ ಸೀಳಿದ್ದು ಕಾಣದಿದ್ದರೆ ಧನ ದನವಾಗುತ್ತದೆ. ಇಂಗ್ಲಿಷಿಗೆಂದು ಮಾಡಿದ ಪಟ್ಟಿಯಲ್ಲಿ ಪದಗಳನ್ನಷ್ಟೇ ಕನ್ನಡಕ್ಕೆ ಬದಲಿಸಿದರೆ ಸಾಲದು. ಅಕ್ಷರ ದೊಡ್ಡದಾಗಬೇಕು, ಸಾಲುಗಳ ನಡುವೆ ಜಾಗ ಹೆಚ್ಚಬೇಕು. ಸಾಧ್ಯವಿದ್ದಲ್ಲಿ ಅಕ್ಷರವನ್ನೇ ಬಿಟ್ಟು ಧ್ವನಿಯಲ್ಲಿ ಹೇಳಿಸುವುದು ಇನ್ನೂ ಒಳಿತು. ಪದಗಳೂ ನಮ್ಮವಾಗಿರಲಿ. 'ಲಿವಿಂಗ್ ರೂಮ್' ಒತ್ತಿ ಎಂದರೆ ಆಯಿ ಎಲ್ಲಿ ಹುಡುಕಬೇಕು? 'ಪಡಸಾಲಿ' ಎಂದರೆ ಸಾಕು.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಕಣ್ಣಿಗೆ ಬೀಳದ ಇನ್ನೊಂದು ವಿಷಯ: ನೆಲ. ಯಂತ್ರಕ್ಕೆ ನಿಜವಾದ ನೆಲ ಎಲ್ಲಿದೆ ಎಂದು ಮೊದಲೇ ತಿಳಿಸಬೇಕು. ಅದರಲ್ಲಿ 8 ಸೆಂಟಿಮೀಟರ್ ವ್ಯತ್ಯಾಸವಾದರೆ ಅಡುಗೆಕಟ್ಟೆಯೂ ಅಷ್ಟೇ ತಪ್ಪಾಗಿ ಕಾಣುತ್ತದೆ. ನಿಂತು ಅಡುಗೆ ಮಾಡುವ ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು. ಐದಡಿಗಿಂತ ತುಸು ಗಿಡ್ಡವಾದ, 150 ಸೆಂಟಿಮೀಟರ್ ಎತ್ತರದ ಹೆಣ್ಣುಮಗಳಿಗೆ ಮೊಣಕೈ ಸುಮಾರು 94ರಲ್ಲಿ ಬರುತ್ತದೆ. ಕಟ್ಟೆ 79ರಿಂದ 84ರೊಳಗೆ ಬರಬೇಕು. 34 ಇಂಚಿನ ಕಟ್ಟೆ ಎಂದರೆ 86. ಮಿಥ್ಯಾಮನೆಯಲ್ಲಿ ಅದು 78 ಎಂದು ಕಂಡು "ಇನ್ನೂ ಎತ್ತರ ಮಾಡ್ರಿ" ಎಂದುಬಿಟ್ಟರೆ, ಮುಂದೆ ಮೂವತ್ತು ವರ್ಷ ಆಕೆ ಭುಜ ಎತ್ತಿಕೊಂಡೇ ಸಾರು ಕುದಿಸಬೇಕು. ಒಳ್ಳೆಯ ವಿನ್ಯಾಸಗಾರ ಆರಂಭದಲ್ಲೇ "ಬಗ್ಗಿ ನೆಲ ಮುಟ್ಟಿ" ಎಂದು ಕೇಳುತ್ತಾನೆ. ಜೊತೆಗೆ ನಿಜವಾದ ಮೇಜೊಂದನ್ನು ಕಟ್ಟೆಯ ಎತ್ತರಕ್ಕಿಟ್ಟು ಕೈಯಿಂದ ಮುಟ್ಟಿ ನೋಡಲು ಹೇಳುತ್ತಾನೆ. ಈ ಸಾಧನಗಳಲ್ಲಿ ದೂರಗಳು ನಿಜಕ್ಕಿಂತ ಕಡಿಮೆ ಎನಿಸುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೊಸ ಸಾಧನಗಳಲ್ಲಿ ಆ ದೋಷ ತಗ್ಗಿದೆ, ಪೂರ್ತಿ ಹೋಗಿಲ್ಲ. ಕಣ್ಣಿನ ಜೊತೆಗೆ ಅಳತೆಯ ಅಂಕಿಯನ್ನೂ ತೋರಿಸಬೇಕಾದ್ದು ಇದಕ್ಕೇ.

ವಿದ್ಯಾರ್ಥಿಗಳಿಗೆ, ಪಾಲಕರಿಗೆ

ಈ ಕೆಲಸಕ್ಕೆ ಪ್ರೋಗ್ರಾಮ್ ಬರೆಯುವವರು ಮಾತ್ರ ಸಾಲರು. ಕಣ್ಣು, ಕಿವಿ, ಸ್ನಾಯು ಬಲ್ಲವರು, ಚಿತ್ರ ಬರೆಯುವವರು, ಜನರ ಮಾತನ್ನು ತಾಳ್ಮೆಯಿಂದ ಕೇಳುವವರು ಬೇಕು. "ಪಿಯುಸಿಯಲ್ಲಿ ವಿಜ್ಞಾನ ಸಿಗಲಿಲ್ಲ, ಮುಗಿಯಿತು" ಎಂದು ಕೈಚೆಲ್ಲುವ ಪಾಲಕರು ಗಮನಿಸಬೇಕು: ವಿನ್ಯಾಸ ಪದವಿಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯನ್ನು ಕಲಾ, ವಾಣಿಜ್ಯ ವಿಭಾಗದವರೂ ಬರೆಯಬಹುದು. ಕರ್ನಾಟಕ ಸರ್ಕಾರ 2024ರಿಂದ 2029ರವರೆಗಿನ ತನ್ನ ಅನಿಮೇಶನ್, ಗೇಮಿಂಗ್ ನೀತಿಯಲ್ಲಿ ಈ ಕ್ಷೇತ್ರವನ್ನೂ ಸೇರಿಸಿಕೊಂಡಿದೆ.

ದುಬಾರಿ ಸಾಧನ ಕೊಡಿಸಿ ಎಂದು ಮಕ್ಕಳು ಹಟ ಹಿಡಿದರೆ ಒಪ್ಪಬೇಕಿಲ್ಲ. ಮೆಟಾ ಕಂಪನಿಯೇ ತನ್ನ ಸಾಧನಕ್ಕೆ 13 ವರ್ಷದ ಮಿತಿ ಇಟ್ಟು, 2023ರಲ್ಲಿ ಪಾಲಕರ ನಿಗಾ ಇರುವ ಖಾತೆಗಳಿಗೆ ಅದನ್ನು 10ಕ್ಕೆ ಇಳಿಸಿತು. ಹಾಕಿಕೊಂಡವರಿಗೆ ಹೊರಗಿನದು ಕಾಣದಿರುವಾಗ ಮೆಟ್ಟಿಲು, ಒಲೆಗಳ ಹತ್ತಿರ ನಿಲ್ಲಬಾರದು. ಕಲಿಕೆಗೆ ಸ್ವೀಟ್ ಹೋಮ್ 3ಡಿ, ಬ್ಲೆಂಡರ್ ಎಂಬ ಉಚಿತ ತಂತ್ರಾಂಶಗಳು ಸಾಮಾನ್ಯ ಗಣಕದಲ್ಲೇ ನಡೆಯುತ್ತವೆ. ಅದೂ ಇಲ್ಲದಿದ್ದರೆ ಶಾಲೆಯ ಅಂಗಳದಲ್ಲಿ ನಿಜ ಅಳತೆಗೆ ಒಂದು ಅಡುಗೆಮನೆಯ ಗೆರೆ ಎಳೆಯಿರಿ, ಕಪಾಟಿನ ಬದಲು ರಟ್ಟಿನ ಪೆಟ್ಟಿಗೆ ಇಡಿ, ಗುಂಡಿಗಳನ್ನು ಕಾಗದದಲ್ಲಿ ಬರೆದು ಗೆಳೆಯನ ಅಂಗೈಗೆ ಅಂಟಿಸಿ. ನಿಮ್ಮ ಅಜ್ಜಿಯನ್ನು ಕರೆತಂದು ಏನೂ ಹೇಳಿಕೊಡದೆ ಸುಮ್ಮನೆ ನೋಡಿ, ಆಕೆ ಎಲ್ಲಿ ತಡೆಯುತ್ತಾಳೆ ಎಂದು ಬರೆದುಕೊಳ್ಳಿ. ದೊಡ್ಡ ಕಂಪನಿಗಳಲ್ಲೂ ಮೊದಲ ಪರೀಕ್ಷೆ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಅಳತೆ ಪಟ್ಟಿಯನ್ನು ಇಬ್ಬರು ಹಿಡಿಯಿರಿ. ಒಬ್ಬರೇ ಹಿಡಿದರೆ ಪಟ್ಟಿ ಜೋತುಬಿದ್ದು ಅಂಕಿ ಹೆಚ್ಚು ಬರುತ್ತದೆ.